ಜೈವಿಕ ಅನಿಲ ಸ್ಥಾವರದಲ್ಲಿ ತಾಪಮಾನ ಮತ್ತು ಸೂಕ್ಷ್ಮಾಣುಜೀವಿಗಳು: ಅರ್ಜಿದಾರರ ಹಾಗೂ ಫಲಾನುಭವಿಗಳ ಮಾಹಿತಿಗಾಗಿ

ಗೋಬರ್ ಗ್ಯಾಸ್ ಎಂದು ಜನಬಳಕೆಯಲ್ಲಿರುವ ಜೈವಿಕ ಅನಿಲ ಸ್ಥಾವರಕ್ಕೆ ಅರ್ಜಿ ಸಲ್ಲಿಸುವವರು ಸಾಮಾನ್ಯವಾಗಿ ವಿಚಾರಿಸುವುದು ಸಹಾಯಧನದ ಮೊತ್ತ, ಸ್ಥಾವರದ ಗಾತ್ರ ಹಾಗೂ ಲಗತ್ತಿಸಬೇಕಾದ ದಾಖಲೆಗಳ ಬಗ್ಗೆ. ಆದರೆ ಸ್ಥಾವರ ನಿರ್ಮಾಣವಾಗಿ ಒಂದೆರಡು ವರ್ಷ ಕಳೆದ ನಂತರ ಬರುವ ದೂರುಗಳ ಪೈಕಿ ಹೆಚ್ಚಿನವು ಒಂದೇ ಸ್ವರೂಪದವು: "ಬೇಸಿಗೆಯಲ್ಲಿ ಎರಡು ಹೊತ್ತಿನ ಅಡುಗೆಗೆ ಸಾಕಾಗುತ್ತಿದ್ದ ಅನಿಲ ಚಳಿಗಾಲದಲ್ಲಿ ಚಹಾ ಕಾಯಿಸಲಿಕ್ಕೂ ಬರುತ್ತಿಲ್ಲ". ಇಂತಹ ಸ್ಥಾವರಗಳಲ್ಲಿ ಅನೇಕವು ಕೆಟ್ಟಿರುವುದಿಲ್ಲ. ಅವುಗಳೊಳಗಿನ ಜೀವಿಗಳು ತಣ್ಣಗಾಗಿರುತ್ತವೆ, ಅಷ್ಟೆ. ಈ ವ್ಯತ್ಯಾಸ ತಿಳಿಯದೆ ಸ್ಥಾವರವನ್ನು ಕೈಬಿಟ್ಟು ಪುನಃ ಸೌದೆ ಒಲೆಗೆ ಮರಳಿದ ಕುಟುಂಬಗಳೂ ಇವೆ. ಆದ್ದರಿಂದ ತಾಪಮಾನಕ್ಕೂ ಅನಿಲೋತ್ಪಾದನೆಗೂ ಇರುವ ಸಂಬಂಧವನ್ನು ಅರ್ಜಿ ಸಲ್ಲಿಸುವ ಮೊದಲೇ ಅರಿತುಕೊಳ್ಳುವುದು ಉಪಯುಕ್ತವೆಂದು ಈ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಅನಿಲ ಉತ್ಪಾದಿಸುವವರು ಯಾರು?

ಸಗಣಿಯು ತಾನಾಗಿಯೇ ಅನಿಲವಾಗುವುದಿಲ್ಲ. ಗಾಳಿಯಾಡದ ಪಾಚಕ ತೊಟ್ಟಿಯೊಳಗೆ ಹಲವು ಗುಂಪಿನ ಸೂಕ್ಷ್ಮಾಣುಜೀವಿಗಳು ಸರದಿಯಂತೆ ಅದನ್ನು ವಿಭಜಿಸುತ್ತವೆ. ಮೊದಲ ಗುಂಪಿನ ಬ್ಯಾಕ್ಟೀರಿಯಾಗಳು ಸಗಣಿಯಲ್ಲಿರುವ ನಾರು, ಪಿಷ್ಟ, ಪ್ರೋಟೀನ್ ಹಾಗೂ ಕೊಬ್ಬನ್ನು ನೀರಿನಲ್ಲಿ ಕರಗುವ ಸರಳ ವಸ್ತುಗಳನ್ನಾಗಿ ಒಡೆಯುತ್ತವೆ. ಕ್ಲಾಸ್ಟ್ರಿಡಿಯಂ, ಬ್ಯಾಕ್ಟೀರಾಯ್ಡಿಸ್ ಮುಂತಾದವು ಈ ಗುಂಪಿಗೆ ಸೇರುತ್ತವೆ. ಎರಡನೆಯ ಹಂತದಲ್ಲಿ ಈ ವಸ್ತುಗಳು ಪ್ರೊಪಿಯಾನಿಕ್, ಬ್ಯುಟಿರಿಕ್ ಮುಂತಾದ ಆಮ್ಲಗಳಾಗಿ ಪರಿವರ್ತನೆ ಹೊಂದುತ್ತವೆ. ಮೂರನೆಯ ಹಂತದಲ್ಲಿ ಆ ಆಮ್ಲಗಳಿಂದ ಅಸಿಟಿಕ್ ಆಮ್ಲ ಹಾಗೂ ಜಲಜನಕ ದೊರೆಯುತ್ತವೆ. ಕೊನೆಯ ಹಂತದಲ್ಲಿ ಮೀಥೇನ್ ಜನಕ ಜೀವಿಗಳು ಅಸಿಟಿಕ್ ಆಮ್ಲವನ್ನು ಒಡೆದು, ಅಥವಾ ಜಲಜನಕವನ್ನು ಇಂಗಾಲದ ಡೈಆಕ್ಸೈಡ್‌ನೊಂದಿಗೆ ಸೇರಿಸಿ, ಉರಿಯುವ ಮೀಥೇನ್ ಅನಿಲವನ್ನು ತಯಾರಿಸುತ್ತವೆ. ಸಾಧಾರಣ ಸ್ಥಾವರದಲ್ಲಿ ಮೀಥೇನಿನ ಸುಮಾರು ಮೂರನೇ ಎರಡು ಭಾಗ ಅಸಿಟಿಕ್ ಆಮ್ಲದ ಮಾರ್ಗವಾಗಿಯೇ ಬರುತ್ತದೆ.

ಮೀಥೇನ್ ಜನಕಗಳನ್ನು ಬಹುಕಾಲ ಬ್ಯಾಕ್ಟೀರಿಯಾ ಎಂದೇ ಪರಿಗಣಿಸಲಾಗಿತ್ತು. 1977ರಲ್ಲಿ ಅಮೆರಿಕದ ವಿಜ್ಞಾನಿ ಕಾರ್ಲ್ ವೋಸ್ ಮತ್ತು ಅವರ ಸಹೋದ್ಯೋಗಿಗಳು ಇವು ಬ್ಯಾಕ್ಟೀರಿಯಾಗಳಿಂದ ಸಂಪೂರ್ಣ ಭಿನ್ನವಾದ ಜೀವಿವರ್ಗವೆಂದು ತೋರಿಸಿಕೊಟ್ಟರು. ಇಂದು ಆ ವರ್ಗವನ್ನು ಆರ್ಕಿಯಾ ಎಂದು ಕರೆಯಲಾಗುತ್ತದೆ. ಇದು ಕೇವಲ ಹೆಸರಿನ ವಿಷಯವಲ್ಲ. ಆಮ್ಲ ತಯಾರಿಸುವ ಬ್ಯಾಕ್ಟೀರಿಯಾಗಳು ಗಂಟೆಗಳ ಲೆಕ್ಕದಲ್ಲಿ ದ್ವಿಗುಣಗೊಂಡರೆ, ಅಸಿಟಿಕ್ ಆಮ್ಲವನ್ನು ಬಳಸುವ ಮೀಥೇನ್ ಜನಕಗಳಿಗೆ ಅನುಕೂಲಕರ ತಾಪದಲ್ಲಿಯೂ ಕೆಲವು ದಿನಗಳೇ ಬೇಕು. ಜಮಾ ಮಾಡುವವನು ವೇಗದವನು, ಖರ್ಚು ಮಾಡುವವನು ನಿಧಾನಿ ಎಂಬಂತಹ ಈ ವ್ಯವಸ್ಥೆಯಲ್ಲಿ ಖರ್ಚಿನ ಕಡೆ ಸ್ವಲ್ಪ ತಡವಾದರೂ ಆಮ್ಲವು ಶೇಖರಗೊಳ್ಳತೊಡಗುತ್ತದೆ.

ಮೂರನೆಯ ಹಂತದ ಜೀವಿಗಳ ಸ್ಥಿತಿಯಂತೂ ಇನ್ನೂ ಸೂಕ್ಷ್ಮವಾದುದು. ಸಿಂಟ್ರೋಫೊಮೊನಾಸ್, ಸಿಂಟ್ರೋಫೊಬ್ಯಾಕ್ಟರ್ ಎಂಬ ಈ ಬ್ಯಾಕ್ಟೀರಿಯಾಗಳು ತಾವು ಹೊರಹಾಕಿದ ಜಲಜನಕವನ್ನು ನೆರೆಯ ಮೀಥೇನ್ ಜನಕಗಳು ತಕ್ಷಣ ಬಳಸಿಕೊಂಡರೆ ಮಾತ್ರ ಬದುಕಬಲ್ಲವು. ಜಲಜನಕ ಸ್ವಲ್ಪ ಉಳಿದುಕೊಂಡರೂ ಅವುಗಳ ಕೆಲಸ ನಿಂತುಹೋಗುತ್ತದೆ. ಒಬ್ಬರ ತ್ಯಾಜ್ಯವು ಇನ್ನೊಬ್ಬರ ಆಹಾರವಾಗುವ ಈ ಕೂಡುಬಾಳ್ವೆಯೇ ಸ್ಥಾವರದ ಜೀವಾಳ. ತಾಪಮಾನವು ಈ ಸಮುದಾಯದ ಪ್ರತಿಯೊಬ್ಬ ಸದಸ್ಯನನ್ನೂ ಒಂದೇ ಪ್ರಮಾಣದಲ್ಲಿ ಬಾಧಿಸುವುದಿಲ್ಲ. ತೊಂದರೆಯ ಮೂಲ ಇರುವುದು ಇಲ್ಲಿಯೇ.

ತಾಪಮಾನದ ಮೂರು ವಲಯಗಳು

ಸೂಕ್ಷ್ಮಾಣುಜೀವಿಗಳನ್ನು ಅವು ಬಯಸುವ ತಾಪಕ್ಕೆ ಅನುಗುಣವಾಗಿ ಮೂರು ವರ್ಗಗಳಾಗಿ ವಿಂಗಡಿಸಲಾಗುತ್ತದೆ. ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕೆಲಸ ಮಾಡುವವು ಶೀತಪ್ರಿಯ ಜೀವಿಗಳು. 30ರಿಂದ 40 ಡಿಗ್ರಿಯ ನಡುವೆ, ಅದರಲ್ಲಿಯೂ 35 ಡಿಗ್ರಿಯ ಆಸುಪಾಸಿನಲ್ಲಿ ಚುರುಕಾಗಿರುವವು ಮಧ್ಯೋಷ್ಣಪ್ರಿಯ ಜೀವಿಗಳು. 50ರಿಂದ 60 ಡಿಗ್ರಿಯ ನಡುವೆ, ಮುಖ್ಯವಾಗಿ 55 ಡಿಗ್ರಿಯಲ್ಲಿ ಉತ್ತಮವಾಗಿ ಬೆಳೆಯುವವು ಅಧಿಕೋಷ್ಣಪ್ರಿಯ ಜೀವಿಗಳು. ನಡುವಿನ 40ರಿಂದ 50 ಡಿಗ್ರಿಯ ಪಟ್ಟಿಯಲ್ಲಿ ಒಂದು ಗುಂಪು ಬಳಲುತ್ತದೆ, ಇನ್ನೊಂದು ಇನ್ನೂ ನೆಲೆಯೂರಿರುವುದಿಲ್ಲ. ಹೀಗಾಗಿ ಅಲ್ಲಿ ಉತ್ಪಾದನೆ ಹಲವು ಬಾರಿ ಕುಗ್ಗುತ್ತದೆ.

ಹಸುವಿನ ದೇಹದ ತಾಪ ಸುಮಾರು 38.5 ಡಿಗ್ರಿ. ಅದರ ಹೊಟ್ಟೆಯಲ್ಲಿಯೂ ಮೀಥೇನ್ ಜನಕಗಳು ವಾಸಿಸುತ್ತವೆ ಮತ್ತು ಸಗಣಿಯೊಡನೆ ಹೊರಬರುತ್ತವೆ. ಹೊಸ ಸ್ಥಾವರಕ್ಕೆ ಸಗಣಿ ಹಾಕಿದರೆ ಸಾಕು, ಪ್ರತ್ಯೇಕ ಜೀವಿಗಳನ್ನು ಖರೀದಿಸಿ ಹಾಕಬೇಕಾಗಿಲ್ಲ ಎಂಬುದಕ್ಕೆ ಇದೇ ಕಾರಣ. ಆದರೆ ಹಸುವಿನ ಹೊಟ್ಟೆಯ ಬೆಚ್ಚನೆಯ ಸ್ಥಳದಿಂದ 22 ಅಥವಾ 24 ಡಿಗ್ರಿಯ ತೊಟ್ಟಿಗೆ ಬಂದ ಜೀವಿಗಳು ಹೊಂದಿಕೊಳ್ಳಲು ಕಾಲಾವಕಾಶ ಬೇಕು.

ಸ್ಥೂಲವಾಗಿ ಹೇಳುವುದಾದರೆ, ಮಧ್ಯೋಷ್ಣ ವಲಯದಲ್ಲಿ ತಾಪವು 10 ಡಿಗ್ರಿ ಇಳಿದರೆ ಜೀವಿಗಳ ವೇಗ ಅರ್ಧದಷ್ಟಾಗುತ್ತದೆ. ಬಗ್ಗಡವು 15 ಡಿಗ್ರಿಗಿಂತ ತಣ್ಣಗಾದರೆ ಮನೆಬಳಕೆಯ ಸ್ಥಾವರದಿಂದ ದೊರೆಯುವ ಅನಿಲ ಅತ್ಯಲ್ಪ. 10 ಡಿಗ್ರಿಯ ಸಮೀಪದಲ್ಲಿ ಪ್ರಾಯೋಗಿಕವಾಗಿ ಅನಿಲ ನಿಂತಂತೆಯೇ ಸರಿ. ಹೀಗಿದ್ದರೂ ಜೀವಿಗಳು ಸತ್ತಿರುವುದಿಲ್ಲ, ಬಿಸಿ ಏರಿದಾಗ ಅವು ಮತ್ತೆ ಕೆಲಸಕ್ಕೆ ತೊಡಗುತ್ತವೆ. ಇದಕ್ಕೆ ವ್ಯತಿರಿಕ್ತವಾಗಿ, ಮಧ್ಯೋಷ್ಣಪ್ರಿಯ ಜೀವಿಗಳು 50 ಡಿಗ್ರಿ ದಾಟಿದ ಶಾಖದಲ್ಲಿ ನಾಶವಾಗುತ್ತವೆ. ಅನಿಲ ಹೆಚ್ಚಲೆಂದು ಕುದಿಯುವ ನೀರನ್ನು ನೇರವಾಗಿ ತೊಟ್ಟಿಗೆ ಸುರಿಯುವುದು ತಪ್ಪು ಕ್ರಮವಾಗಿರುತ್ತದೆ.

ತಣ್ಣಗಾದಾಗ ಸಮುದಾಯದಲ್ಲಿ ಆಗುವ ಬದಲಾವಣೆ

ತಾಪ ಇಳಿದಾಗ ಎಲ್ಲ ಜೀವಿಗಳೂ ನಿಧಾನವಾಗುತ್ತವೆಯಾದರೂ ಆಮ್ಲ ತಯಾರಕಗಳಿಗಿಂತ ಮೀಥೇನ್ ಜನಕಗಳು ಹಾಗೂ ಅವುಗಳ ಜೊತೆಗಾರ ಬ್ಯಾಕ್ಟೀರಿಯಾಗಳು ಹೆಚ್ಚು ಹಿಂದುಳಿಯುತ್ತವೆ. ಪರಿಣಾಮವಾಗಿ ಅಸಿಟಿಕ್ ಹಾಗೂ ಪ್ರೊಪಿಯಾನಿಕ್ ಆಮ್ಲಗಳು ಬಳಕೆಯಾಗದೆ ಉಳಿಯುತ್ತವೆ. ಜಲಜನಕ ಬಳಸುವ ಮೀಥೇನ್ ಜನಕಗಳು ಹಿಂದೆ ಸರಿದ ಸ್ಥಾನದಲ್ಲಿ, ಅದೇ ಜಲಜನಕದಿಂದ ಅಸಿಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾಗಳು ಮೇಲುಗೈ ಪಡೆಯುತ್ತವೆ. ಆಗ ಮೀಥೇನಿನ ಹೆಚ್ಚಿನ ಪಾಲು ಅಸಿಟಿಕ್ ಆಮ್ಲವನ್ನು ಬಳಸುವ ಮೆಥನೋಸೀಟಾದಂತಹ ನಿಧಾನಗತಿಯ ಜೀವಿಗಳಿಂದಲೇ ಬರಬೇಕಾಗುತ್ತದೆ. ಆಮ್ಲದ ಪ್ರಮಾಣ ಬಹಳ ಏರಿದರೆ ಮೆಥನೋಸಾರ್ಸಿನಾ ಎಂಬ ಇನ್ನೊಂದು ಪ್ರಭೇದ ಮುಂದೆ ಬರುತ್ತದೆ.

ಚಳಿಗಾಲದ ಅನಿಲವು ಪ್ರಮಾಣದಲ್ಲಿ ಕಡಿಮೆಯಾದರೂ ಕೆಲವೊಮ್ಮೆ ಉತ್ತಮವಾಗಿ ಉರಿಯುತ್ತದೆ ಎಂದು ಗೃಹಿಣಿಯರು ಹೇಳುವುದುಂಟು. ಇದು ಭ್ರಮೆಯಲ್ಲ. ತಣ್ಣನೆಯ ದ್ರವದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚು ಕರಗುವುದರಿಂದ ಮೇಲೆ ಬರುವ ಅನಿಲದಲ್ಲಿ ಮೀಥೇನಿನ ಅಂಶ ಸ್ವಲ್ಪ ಏರಿರುತ್ತದೆ. ಆದರೆ ಒಟ್ಟು ಪ್ರಮಾಣದ ಇಳಿಕೆಯನ್ನು ಅದು ತುಂಬಿಕೊಡುವುದಿಲ್ಲ.

ಅನಿಲ ಕಡಿಮೆಯಾದಾಗ ಹೆಚ್ಚು ಸಗಣಿ ಹಾಕಿದರೆ ಸರಿಹೋಗುತ್ತದೆ ಎಂದು ಭಾವಿಸುವುದು ಸಹಜ. ಚಳಿಗಾಲದಲ್ಲಿ ಮಾಡುವ ತಪ್ಪುಗಳಲ್ಲಿ ಇದಕ್ಕಿಂತ ದುಬಾರಿಯಾದುದು ಇನ್ನೊಂದಿಲ್ಲ. ಹೆಚ್ಚುವರಿ ಸಗಣಿಯು ಆಮ್ಲ ತಯಾರಕಗಳಿಗೆ ಆಹಾರವಾಗುತ್ತದೆಯೇ ಹೊರತು ಮೀಥೇನ್ ಜನಕಗಳಿಗೆ ತಲುಪುವುದಿಲ್ಲ. ಅಲ್ಲದೆ ಒಳಗೆ ಹೋದಷ್ಟೇ ಬಗ್ಗಡ ಹೊರಬರುವುದರಿಂದ, ಇನ್ನೂ ದ್ವಿಗುಣಗೊಳ್ಳದ ಮೀಥೇನ್ ಜನಕಗಳು ಅದರೊಡನೆ ಕೊಚ್ಚಿಹೋಗುತ್ತವೆ. ಮೊದಲು ಕೇವಲ ನಿಧಾನವಾಗಿದ್ದ ಸ್ಥಾವರ ಈ ಹಂತದಲ್ಲಿ ನಿಜವಾಗಿಯೂ ಕೆಡುತ್ತದೆ.

ಧಾರಣಾ ಅವಧಿ ಮತ್ತು ಸ್ಥಾವರದ ಗಾತ್ರ

ಮೇಲೆ ಹೇಳಿದ ಕಾರಣದಿಂದಲೇ ಬಗ್ಗಡವು ತೊಟ್ಟಿಯಲ್ಲಿ ಎಷ್ಟು ದಿನ ಇರಬೇಕು ಎಂಬುದನ್ನು ಪ್ರದೇಶದ ಹವಾಮಾನಕ್ಕೆ ಅನುಗುಣವಾಗಿ ನಿಗದಿಪಡಿಸಲಾಗಿದೆ. ಭಾರತದಲ್ಲಿ 30, 40 ಹಾಗೂ 55 ದಿನಗಳ ಮೂರು ವಲಯಗಳು ರೂಢಿಯಲ್ಲಿವೆ. ಕರ್ನಾಟಕ, ಕೇರಳ, ತಮಿಳುನಾಡು, ಮಹಾರಾಷ್ಟ್ರ ಮುಂತಾದ ಬೆಚ್ಚನೆಯ ರಾಜ್ಯಗಳು 30 ದಿನಗಳ ವಲಯದಲ್ಲಿವೆ. ಪಂಜಾಬ್, ಉತ್ತರ ಪ್ರದೇಶದ ಬಯಲು ಸೀಮೆ ಮುಂತಾದವು 40 ದಿನಗಳ ವಲಯಕ್ಕೂ, ಹಿಮಾಚಲ ಪ್ರದೇಶ, ಸಿಕ್ಕಿಂನಂತಹ ಗುಡ್ಡಗಾಡು ರಾಜ್ಯಗಳು 55 ದಿನಗಳ ವಲಯಕ್ಕೂ ಸೇರುತ್ತವೆ.

ಲೆಕ್ಕ ಸರಳವಾಗಿದೆ. ಒಂದು ಘನ ಮೀಟರ್ ಅನಿಲಕ್ಕೆ ದಿನವೊಂದಕ್ಕೆ ಸುಮಾರು 25 ಕಿಲೋ ಹಸಿ ಸಗಣಿ ಬೇಕು. 2 ಘನ ಮೀಟರ್ ಸ್ಥಾವರಕ್ಕೆ 50 ಕಿಲೋ ಸಗಣಿ ಹಾಗೂ ಅಷ್ಟೇ ಪ್ರಮಾಣದ ನೀರು, ಅಂದರೆ ದಿನಕ್ಕೆ ಸುಮಾರು 100 ಲೀಟರ್ ಬಗ್ಗಡ. 30 ದಿನಗಳ ಧಾರಣೆಗೆ 3000 ಲೀಟರ್, 40 ದಿನಗಳಿಗೆ 4000 ಲೀಟರ್, 55 ದಿನಗಳಿಗೆ 5500 ಲೀಟರ್ ಸಾಮರ್ಥ್ಯದ ತೊಟ್ಟಿ ಬೇಕಾಗುತ್ತದೆ. ಅನಿಲ ಅಷ್ಟೇ, ಸಗಣಿಯೂ ಅಷ್ಟೇ. ಚಳಿ ಹೆಚ್ಚಿದಂತೆ ಇಟ್ಟಿಗೆ, ಸಿಮೆಂಟಿನ ಖರ್ಚು ಮಾತ್ರ ಏರುತ್ತದೆ.

ಕರ್ನಾಟಕಕ್ಕೆ 30 ದಿನ ಎಂಬುದು ಸರಾಸರಿಯ ಮಾತು. ಕರಾವಳಿಯ ಮನೆಗೂ ಕೊಡಗಿನ ಎತ್ತರದ ಗ್ರಾಮಕ್ಕೂ ಒಂದೇ ಅಳತೆ ಹೊಂದುವುದಿಲ್ಲ. ಕೊಡಗು, ಚಿಕ್ಕಮಗಳೂರಿನ ಎತ್ತರದ ಪ್ರದೇಶಗಳ ಅರ್ಜಿದಾರರು 40 ದಿನಗಳ ಧಾರಣೆಯ ವಿನ್ಯಾಸದ ಬಗ್ಗೆ ತಾಂತ್ರಿಕ ಸಿಬ್ಬಂದಿಯೊಡನೆ ಚರ್ಚಿಸುವುದು ಒಳ್ಳೆಯದು. ಹೆಚ್ಚು ಅನಿಲ ಬರಲೆಂದು ರಾಸುಗಳ ಸಂಖ್ಯೆಗೆ ಮೀರಿದ ಉತ್ಪಾದನಾ ಸಾಮರ್ಥ್ಯವನ್ನು ಅರ್ಜಿಯಲ್ಲಿ ಕೋರುವುದು ಬೇರೆ ವಿಷಯ. ಸಗಣಿ ಸಾಲದ ದೊಡ್ಡ ಸ್ಥಾವರವು ಯಾವ ಋತುವಿನಲ್ಲಿಯೂ ತೃಪ್ತಿಕರವಾಗಿ ನಡೆಯುವುದಿಲ್ಲ. ರಾಸು ಒಂದಕ್ಕೆ ದಿನಕ್ಕೆ 10 ಕಿಲೋ ಸಗಣಿ ಎಂದು ಹಿಡಿದು ಲೆಕ್ಕ ಹಾಕತಕ್ಕದ್ದು.

ಮಾದರಿಯ ಆಯ್ಕೆ

ಗ್ರಾಮಗಳಲ್ಲಿ ಕಾಣಸಿಗುವ ಸ್ಥಾವರಗಳು ಮುಖ್ಯವಾಗಿ ಎರಡು ಬಗೆಯವು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ತೇಲುವ ಡ್ರಮ್ ಮಾದರಿಯಲ್ಲಿ ಬಗ್ಗಡದ ಮೇಲೆ ಕಬ್ಬಿಣದ ಅನಿಲ ಸಂಗ್ರಾಹಕ ತೇಲುತ್ತಿರುತ್ತದೆ. ಆಕ್ಷನ್ ಫಾರ್ ಫುಡ್ ಪ್ರೊಡಕ್ಷನ್ ಸಂಸ್ಥೆಯು 1984ರಲ್ಲಿ ರೂಪಿಸಿದ ದೀನಬಂಧು ಮಾದರಿಯಲ್ಲಿ ಗುಮ್ಮಟವೂ ಸೇರಿ ಇಡೀ ಸ್ಥಾವರ ನೆಲದೊಳಗೆ ಇರುತ್ತದೆ. ಡ್ರಮ್ ಮಾದರಿಯಲ್ಲಿ ಅನಿಲದ ಮಟ್ಟ ಕಣ್ಣಿಗೆ ಕಾಣುತ್ತದೆ, ಒತ್ತಡ ಸಮನಾಗಿರುತ್ತದೆ. ಆದರೆ ಆ ಲೋಹದ ಮೇಲ್ಮೈಯೇ ರಾತ್ರಿಯ ಹೊತ್ತು ಶಾಖವನ್ನು ಹೊರಹಾಕುವ ಮುಖ್ಯ ಮಾರ್ಗವೂ ಹೌದು.

ನೆಲದೊಳಗಿನ ಸ್ಥಾವರಕ್ಕೆ ಮಣ್ಣೇ ಕಂಬಳಿ. ಬೆಂಗಳೂರಿನಲ್ಲಿ ದಾಖಲಾಗಿರುವ ಅತ್ಯಂತ ಕಡಿಮೆ ತಾಪಮಾನ 7.8 ಡಿಗ್ರಿ, 1884ರ ಜನವರಿ 13ರಂದು. ಅಂತಹ ರಾತ್ರಿಯಲ್ಲಿಯೂ ಎರಡು ಮೀಟರ್ ಆಳದ ಮಣ್ಣಿಗೆ ಆ ಚಳಿ ತಟ್ಟುವುದಿಲ್ಲ. ಅಲ್ಲಿನ ತಾಪ ವರ್ಷದ ಸರಾಸರಿಯ ಆಸುಪಾಸಿನಲ್ಲಿಯೇ ಇರುತ್ತದೆ. ಸೂಕ್ಷ್ಮಾಣುಜೀವಿಗಳ ದೃಷ್ಟಿಯಿಂದ ಇದು ಮಹತ್ವದ ಅಂಶ. 24 ಡಿಗ್ರಿಯಲ್ಲಿ ಸ್ಥಿರವಾಗಿರುವ ತೊಟ್ಟಿಯ ಜೀವಿಗಳು ಆ ತಾಪಕ್ಕೆ ಒಗ್ಗಿಕೊಳ್ಳುತ್ತವೆ. ಹಗಲು ರಾತ್ರಿ ಏರಿಳಿಯುವ ತೊಟ್ಟಿಯಲ್ಲಿ ಒಗ್ಗಿಕೊಳ್ಳಲು ಅವಕಾಶವೇ ಸಿಗುವುದಿಲ್ಲ. ಮಧ್ಯೋಷ್ಣ ಜೀವಿಗಳು ದಿನಕ್ಕೆ 2-3 ಡಿಗ್ರಿ ವ್ಯತ್ಯಾಸವನ್ನು ತಾಳಿಕೊಳ್ಳಬಲ್ಲವು. ಅಧಿಕೋಷ್ಣ ಜೀವಿಗಳಿಗೆ 1 ಡಿಗ್ರಿಯೇ ಹೆಚ್ಚು.

ಈ ವಿಷಯದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೊಡುಗೆಯನ್ನು ಇಲ್ಲಿ ಸ್ಮರಿಸುವುದು ಉಚಿತ. ಪ್ರೊ. ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಅಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ಜೈವಿಕ ಅನಿಲ ಸ್ಥಾವರದ ಶಾಖದ ಲೆಕ್ಕವನ್ನು ವಿವರವಾಗಿ ಅಧ್ಯಯನ ಮಾಡಿತು. ಶಾಖ ನಷ್ಟದ ಅಧಿಕ ಭಾಗ ಅನಿಲ ಸಂಗ್ರಾಹಕದ ಮೇಲ್ಭಾಗದಿಂದ ಆಗುತ್ತದೆ ಎಂಬುದು ಕಂಡುಬಂದ ಮೇಲೆ, ಸಂಗ್ರಾಹಕದ ಮೇಲೆಯೇ ನೀರು ನಿಲ್ಲಿಸಿ, ಪಾರದರ್ಶಕ ಹೊದಿಕೆ ಹಾಕಿ, ಬಿಸಿಲಿನಿಂದ ಕಾದ ಆ ನೀರಿನಲ್ಲಿ ಸಗಣಿ ಕಲಸುವ ವಿನ್ಯಾಸವನ್ನು ರೂಪಿಸಲಾಯಿತು. ಈ ಅಧ್ಯಯನಗಳು 1979ರಲ್ಲಿ ಪ್ರಕಟವಾದವು. ನಷ್ಟವಾಗುತ್ತಿದ್ದ ಜಾಗವನ್ನೇ ಲಾಭದ ಜಾಗವಾಗಿಸಿದ ಈ ಉಪಾಯ ಸರಳವೂ ಹೌದು, ಜಾಣತನದ್ದೂ ಹೌದು. ಇದೇ ಕೇಂದ್ರದ ಪ್ರಯತ್ನದಿಂದ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಮುದಾಯ ಸ್ಥಾವರದ ಅನಿಲದಿಂದ 1987ರಲ್ಲಿ ಮನೆಗಳಿಗೆ ವಿದ್ಯುತ್ ದೀಪ ಬಂದಿತು.

ಚಳಿ ಮತ್ತು ಮಳೆಗಾಲದಲ್ಲಿ ಅನುಸರಿಸಬೇಕಾದ ಕ್ರಮಗಳು

ಸಗಣಿಯನ್ನು ಸಂಗ್ರಹಿಸಿದ ಕೂಡಲೇ, ಅದರ ಬಿಸಿ ಆರುವ ಮೊದಲೇ ಬಳಸುವುದು ಉತ್ತಮ. ನೀರನ್ನು ಕಪ್ಪು ಬಣ್ಣ ಬಳಿದ ಡ್ರಮ್ಮಿನಲ್ಲಿ ಬಿಸಿಲಿಗಿಟ್ಟು ಮಧ್ಯಾಹ್ನದ ನಂತರ ಕಲಸಿ ಹಾಕಬಹುದು. 20 ಡಿಗ್ರಿಯ 50 ಕಿಲೋ ಸಗಣಿಗೆ 50 ಡಿಗ್ರಿಯ 50 ಲೀಟರ್ ನೀರು ಸೇರಿಸಿದರೆ ಬಗ್ಗಡದ ತಾಪ ಸುಮಾರು 35 ಡಿಗ್ರಿಯಾಗುತ್ತದೆ. ತೊಟ್ಟಿಯಲ್ಲಿರುವ 3000 ಲೀಟರಿಗೆ ಹೋಲಿಸಿದರೆ ಇದು 30ರಲ್ಲಿ ಒಂದು ಭಾಗ ಮಾತ್ರ. ತೊಟ್ಟಿಯು 20 ಡಿಗ್ರಿಯಲ್ಲಿದ್ದರೆ ಒಂದು ದಿನದ ಏರಿಕೆ ಅರ್ಧ ಡಿಗ್ರಿ. ಆದ್ದರಿಂದ ಒಂದೆರಡು ದಿನ ಮಾಡಿ ಬಿಟ್ಟರೆ ಪ್ರಯೋಜನ ಕಾಣದು. ನವೆಂಬರಿನಿಂದ ಫೆಬ್ರವರಿಯವರೆಗೆ ತಪ್ಪದೆ ನಡೆಸಿದರೆ ಮಾತ್ರ ಫಲ ದೊರೆಯುತ್ತದೆ.

ಸ್ಥಾವರದ ಸುತ್ತ ಹಾಗೂ ಗುಮ್ಮಟದ ಮೇಲೆ ಒಣಹುಲ್ಲು, ಭತ್ತದ ಹೊಟ್ಟು ಅಥವಾ ತರಗೆಲೆ ಹರಡಬಹುದು. ಗುಮ್ಮಟದ ಬದಿಯಲ್ಲಿ ಕಾಂಪೋಸ್ಟ್ ಗುಂಡಿ ತೆಗೆದರೆ ಕೊಳೆಯುವ ಕಸದ ಶಾಖವೂ ಸ್ಥಾವರಕ್ಕೆ ತಲುಪುತ್ತದೆ. ನೆರಳು ಬೀಳುವ ಮರದ ಕೊಂಬೆಗಳನ್ನು ಸವರುವುದು, ಹೊಸ ಸ್ಥಾವರವನ್ನು ಬಿಸಿಲು ಬೀಳುವ ಕಡೆ ಗುರುತಿಸುವುದು ಖರ್ಚಿಲ್ಲದ ಕ್ರಮಗಳು.

ಮಲೆನಾಡಿನ ಫಲಾನುಭವಿಗಳಿಗೆ ಡಿಸೆಂಬರಿನ ಚಳಿಗಿಂತ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯೇ ದೊಡ್ಡ ಸಮಸ್ಯೆ. ಮಳೆನೀರು ಕಲಸುವ ತೊಟ್ಟಿಯ ಮೂಲಕ ಒಳಹೋದರೆ ಬಗ್ಗಡ ತಣ್ಣಗಾಗುವುದಲ್ಲದೆ ತೆಳುವಾಗುತ್ತದೆ, ಧಾರಣಾ ಅವಧಿಯೂ ಕುಗ್ಗುತ್ತದೆ. ಒಂದೇ ನೀರಿನಿಂದ ಮೂರು ನಷ್ಟ. ಕಲಸುವ ತೊಟ್ಟಿಗೂ ಹೊರಗುಂಡಿಗೂ ಮುಚ್ಚಳ, ಸುತ್ತ ಬಸಿಗಾಲುವೆ ಇರುವುದು ಕಡ್ಡಾಯವೆಂದೇ ತಿಳಿಯತಕ್ಕದ್ದು. ಇಷ್ಟೆಲ್ಲ ಮಳೆಯ ನಡುವೆಯೂ ಉತ್ತರ ಕನ್ನಡ ಜಿಲ್ಲೆಯ ಶಿರಸಿ ಭಾಗದಲ್ಲಿ ಸ್ಥಾವರಗಳು ಯಶಸ್ವಿಯಾಗಿ ನಡೆಯುತ್ತಿರುವುದನ್ನು 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿದೆ. ಅಡಿಕೆ ತೋಟಕ್ಕೆ ಬಗ್ಗಡ ಬೇಕಾಗುವ ಮನೆಗಳಲ್ಲಿ ಸ್ಥಾವರದ ಆರೈಕೆ ತಾನಾಗಿ ನಡೆಯುತ್ತದೆ.

ಬಗ್ಗಡ ಹುಳಿಯಾಗಿರುವ ಲಕ್ಷಣಗಳು

ಹೊರಬರುವ ಬಗ್ಗಡಕ್ಕೆ ಕಟುವಾದ ಹುಳಿ ವಾಸನೆ, ಅನಿಲ ಇದ್ದರೂ ಜ್ವಾಲೆ ನಿಲ್ಲದಿರುವುದು, ಇವು ಆಮ್ಲ ಶೇಖರವಾಗಿರುವ ಸೂಚನೆಗಳು. ಔಷಧಿ ಅಥವಾ ಪ್ರಯೋಗಾಲಯ ಸಾಮಗ್ರಿಗಳ ಅಂಗಡಿಯಲ್ಲಿ ದೊರೆಯುವ ಪಿಎಚ್ ಕಾಗದದಿಂದ ಪರೀಕ್ಷಿಸಬಹುದು. 6.8ರಿಂದ 7.5ರ ನಡುವೆ ಇದ್ದರೆ ಆತಂಕಕ್ಕೆ ಕಾರಣವಿಲ್ಲ. 6.5ಕ್ಕಿಂತ ಕಡಿಮೆಯಾದರೆ ಸಗಣಿ ಹಾಕುವುದನ್ನು ಕೆಲವು ದಿನ ಸಂಪೂರ್ಣವಾಗಿ ನಿಲ್ಲಿಸಬೇಕು. ಸ್ವಲ್ಪ ಸುಣ್ಣದ ತಿಳಿ ಸೇರಿಸಿ, ಸಾಧ್ಯವಾದರೆ ನೆರೆಯ ಸುಸ್ಥಿತಿಯಲ್ಲಿರುವ ಸ್ಥಾವರದಿಂದ ಕೆಲವು ಬಿಂದಿಗೆ ಬಗ್ಗಡ ತಂದು ಹಾಕಬೇಕು. ಮೊಸರಿಗೆ ಹೆಪ್ಪು ಹಾಕಿದಂತೆ ಅದರಲ್ಲಿರುವ ಮೀಥೇನ್ ಜನಕಗಳು ಇಲ್ಲಿ ನೆಲೆಗೊಳ್ಳುತ್ತವೆ. ನಂತರ ಕಾಲು ಭಾಗ, ಅರ್ಧ ಭಾಗ ಎಂಬಂತೆ ನಿಧಾನವಾಗಿ ಪೂರ್ಣ ಪ್ರಮಾಣಕ್ಕೆ ಬರಬೇಕು. ಯಾವುದೇ ಕಾರಣಕ್ಕೂ ತೊಟ್ಟಿಯೊಳಗೆ ಇಳಿಯಬಾರದು. ಒಳಗಿನ ಅನಿಲದಿಂದ ಉಸಿರುಗಟ್ಟಿ ಪ್ರಾಣಾಪಾಯ ಸಂಭವಿಸುತ್ತದೆ.

ಅಧಿಕೋಷ್ಣ ಸ್ಥಾವರಗಳು

ಸಕ್ಕರೆ ಕಾರ್ಖಾನೆಯ ಮಡ್ಡಿ, ಡಿಸ್ಟಿಲರಿಯ ತ್ಯಾಜ್ಯ ಹಾಗೂ ನಗರದ ಹಸಿ ಕಸವನ್ನು ಬಳಸುವ ದೊಡ್ಡ ಘಟಕಗಳಲ್ಲಿ ತೊಟ್ಟಿಯನ್ನು ಕೃತಕವಾಗಿ ಬಿಸಿ ಮಾಡಬಹುದು. 55 ಡಿಗ್ರಿಯಲ್ಲಿ ವಿಭಜನೆ ಶೀಘ್ರವಾಗುತ್ತದೆ, ರೋಗಾಣುಗಳೂ ಹೆಚ್ಚು ನಾಶವಾಗುತ್ತವೆ. ಆದರೆ ಅಲ್ಲಿ ಬದುಕುವ ಜೀವಿ ಪ್ರಭೇದಗಳು ಕಡಿಮೆ. ಜಲಜನಕ ಬಳಸುವ ಮೆಥನೋಥರ್ಮೋಬ್ಯಾಕ್ಟರ್‌ನಂತಹ ಜೀವಿಗಳ ಮೇಲೆ ಅವಲಂಬನೆ ಹೆಚ್ಚುತ್ತದೆ. ಸದಸ್ಯರು ಕಡಿಮೆಯಿರುವ ಸಮುದಾಯದಲ್ಲಿ ಒಬ್ಬರು ಕೈಕೊಟ್ಟರೆ ಬದಲಿಗೆ ಬೇರೊಬ್ಬರಿರುವುದಿಲ್ಲ. ಕೋಳಿಗೊಬ್ಬರದಂತಹ ಸಾರಜನಕ ಹೆಚ್ಚಿರುವ ವಸ್ತು ಬಳಸಿದಾಗ ಬಿಸಿಯಲ್ಲಿ ಅಮೋನಿಯದ ವಿಷಕಾರಕ ರೂಪವೂ ಏರುತ್ತದೆ. ಮನೆಬಳಕೆಗೆ ಈ ಪದ್ಧತಿ ಸೂಕ್ತವಲ್ಲ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

ನವೀನ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯವು 2022ರ ನವೆಂಬರ್ 2ರಂದು ಹೊರಡಿಸಿದ ರಾಷ್ಟ್ರೀಯ ಜೈವಿಕ ಶಕ್ತಿ ಕಾರ್ಯಕ್ರಮದ ಮೊದಲ ಹಂತವು 2021-22ರಿಂದ 2025-26ರ ಅವಧಿಗೆ ರೂಪಿತವಾಗಿದ್ದು, ದಿನಕ್ಕೆ 1ರಿಂದ 25 ಘನ ಮೀಟರ್ ಸಾಮರ್ಥ್ಯದ ಸಣ್ಣ ಸ್ಥಾವರಗಳನ್ನು ಒಳಗೊಂಡಿತ್ತು. ಸಹಾಯಧನದ ದರ ಹಾಗೂ ಷರತ್ತುಗಳು ಹಂತದಿಂದ ಹಂತಕ್ಕೆ ಬದಲಾಗುವುದರಿಂದ, ಅರ್ಜಿ ಸಲ್ಲಿಸುವ ದಿನ ಜಾರಿಯಲ್ಲಿರುವ ಆದೇಶವನ್ನು ಗ್ರಾಮ ಪಂಚಾಯಿತಿ ಅಥವಾ ತಾಲ್ಲೂಕು ಪಂಚಾಯಿತಿ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.

ಸ್ಥಾವರವನ್ನು ಮೊದಲ ಬಾರಿಗೆ ತುಂಬಿಸಲು ಫೆಬ್ರವರಿಯಿಂದ ಮೇ ತಿಂಗಳವರೆಗಿನ ಅವಧಿ ಸೂಕ್ತ. ಬೇಸಿಗೆಯಲ್ಲಿ ಎರಡು-ಮೂರು ವಾರಗಳಲ್ಲಿ ಉರಿಯುವ ಅನಿಲ ದೊರೆತರೆ, ಚಳಿಗಾಲದಲ್ಲಿ ತುಂಬಿಸಿದ ಸ್ಥಾವರ ಅದಕ್ಕಿಂತ ಬಹಳ ಹೆಚ್ಚು ಸಮಯ ತೆಗೆದುಕೊಳ್ಳಬಹುದು. ಮೊದಲು ಬರುವ ಅನಿಲದಲ್ಲಿ ಇಂಗಾಲದ ಡೈಆಕ್ಸೈಡ್ ಅಧಿಕವಿರುವುದರಿಂದ ಅದು ಉರಿಯುವುದಿಲ್ಲ, ಜೊತೆಗೆ ಗಾಳಿಯೂ ಬೆರೆತಿರುತ್ತದೆ. ಅದನ್ನು ಬೆಂಕಿಯ ಸಮೀಪವಿಲ್ಲದೆ ಹೊರಗೆ ಬಿಡಬೇಕು. ಸಹಾಯಧನ ಬಿಡುಗಡೆಗೆ ಮುನ್ನ ಸ್ಥಾವರ ಚಾಲನೆಯಲ್ಲಿರುವುದನ್ನು ಸ್ಥಳ ಪರಿಶೀಲನೆಯಲ್ಲಿ ತೋರಿಸಬೇಕಾಗುವುದರಿಂದ, ಡಿಸೆಂಬರಿನಲ್ಲಿ ತುಂಬಿಸಿ ಜನವರಿಯಲ್ಲಿಯೇ ಪರಿಶೀಲನೆಗೆ ಕೋರಿದವರು ಅನಾವಶ್ಯಕವಾಗಿ ಎರಡನೇ ಬಾರಿ ಕಾಯಬೇಕಾದ ಸಂದರ್ಭಗಳಿರುತ್ತವೆ.

ಸ್ಥಾವರ ಕೆಲಸ ಮಾಡುತ್ತಿಲ್ಲವೆಂದು ದೂರು ನೀಡುವ ಫಲಾನುಭವಿಗಳು ಸ್ಥಾವರ ತುಂಬಿಸಿದ ತಿಂಗಳು, ದಿನಕ್ಕೆ ಹಾಕುತ್ತಿರುವ ಸಗಣಿ ಮತ್ತು ನೀರಿನ ಪ್ರಮಾಣ, ಅನಿಲ ಕಡಿಮೆಯಾದ ತಿಂಗಳು ಹಾಗೂ ಬಗ್ಗಡದ ವಾಸನೆಯ ವಿವರವನ್ನು ದೂರಿನಲ್ಲಿ ನಮೂದಿಸಿದರೆ, ಗುಮ್ಮಟದ ಬಿರುಕು, ಕೊಳವೆಯ ಸೋರಿಕೆ ಅಥವಾ ತಾಪಮಾನದ ಇಳಿಕೆ, ಇವುಗಳಲ್ಲಿ ಕಾರಣ ಯಾವುದೆಂದು ಪರಿಶೀಲನೆಗೆ ಬರುವ ಸಿಬ್ಬಂದಿ ಮೊದಲ ಭೇಟಿಯಲ್ಲಿಯೇ ಗುರುತಿಸಲು ಅನುಕೂಲವಾಗುತ್ತದೆ.